ಹಿಮನದಿಯ ಆತ್ಮಕ್ಕೊಂದು ಕಾಗದ

ಕುರ್ಟ್ಸ್‌ರಾಸ್, ಶ್ನಾಲ್ಸ್ ಕಣಿವೆ
ಸಂತ ಯೋಹಾನನ ಹಬ್ಬದ ಮಾರನೆಯ ದಿನ, ಜೂನ್ ೧೯೪೮

ಕಾಸಿಯಾನ್,

ದೇವರು ನಿನ್ನನ್ನು ಕಾಯಲಿ. ಕಾಗದ ಅಂದಮೇಲೆ ಮೊದಲು ಕ್ಷೇಮ ವಿಚಾರಿಸಬೇಕು. ಆದರೆ ನಿನ್ನ ಕ್ಷೇಮ ನನಗೆ ಆಗಲೇ ಗೊತ್ತು. ಈ ತಿಂಗಳ ನಡುವೆ ಒಂದು ದಿನ ನಿನ್ನ ಗಂಟಲು ಎಷ್ಟು ಗಟ್ಟಿಯಾಗಿದೆ ಎಂಬುದನ್ನು ಕಿವಿಯಾರೆ ಕೇಳಿದ್ದೇನೆ. ಅಂಥ ಗಂಟಲು ಇರುವವನಿಗೆ ಮೈಕೈ ನೆಟ್ಟಗೇ ಇರಬೇಕು.

ಬೆಚ್ಚಬೇಡ. ಆ ದಿನ ಹಿಮನದಿಯ ಮೇಲೆ ಮಂಜಿನಾಚೆ ನಿಂತು ಕೂಗಿದವನು ಯಾರು ಎಂದು ಈ ಕಣಿವೆಯಲ್ಲಿ ಗೊತ್ತಿರುವುದು ನನಗೆ ಮತ್ತು ನಿಮ್ಮಪ್ಪನಿಗೆ ಮಾತ್ರ. ಉಳಿದವರ ಪಾಲಿಗೆ ನೀನೊಂದು ಬಡ ಆತ್ಮ. ಯಾವ ಕಾಲದಲ್ಲೋ ಸತ್ತು, ಮಂಜುಗಡ್ಡೆಯಲ್ಲಿ ಕುತ್ತಿಗೆಯವರೆಗೆ ಹೂತುಕೊಂಡು ಪಾಪ ತೊಳೆದುಕೊಳ್ಳುತ್ತಿದ್ದೀಯ. ಕಳೆದ ಭಾನುವಾರ ಚರ್ಚಿನಲ್ಲಿ ನಿನ್ನ ಸದ್ಗತಿಗಾಗಿ ಪೂಜೆಯೂ ಆಯಿತು. ನಾನು ಎಲ್ಲರಿಗಿಂತ ಮುಂದೆ ಮಂಡಿಯೂರಿದ್ದೆ. ಬೆಟ್ಟದಾಚೆ ಫೆಂಟ್‌ನಲ್ಲಿ ಕೂತು ಹಿಟ್ಟಿನುಂಡೆ ನುಂಗುತ್ತಿರುವವನಿಗೆ ಸದ್ಗತಿ! ನಗು ತಡೆಯಲು ಜಪಮಣಿಯನ್ನು ಹಲ್ಲಲ್ಲಿ ಕಚ್ಚಿ ಹಿಡಿದೆ. ಆಮೇಲೆ ಅದೇ ನಗು ಅಳುವಾಯಿತು. ಪಕ್ಕದಲ್ಲಿದ್ದ ಸೆರಾಫಿನ್‌ನ ಹೆಂಡತಿ ನನ್ನ ಭಕ್ತಿಗೆ ಮೆಚ್ಚಿ ಬೆನ್ನು ಸವರಿದಳು.

ಎಂಟು ವರ್ಷದಲ್ಲಿ ಇದು ನನ್ನ ಮೊದಲ ಕಾಗದ. ಒಂದೇ ಮಾತಿಗಾಗಿ ಬರೆಯುತ್ತಿದ್ದೇನೆ, ಅದನ್ನು ಮೊದಲೇ ಹೇಳಿಬಿಡುತ್ತೇನೆ. ಊರು ಬಿಟ್ಟುಹೋದವರು ಮರಳಿ ಬರಲು ಅರ್ಜಿ ಹಾಕಬಹುದು ಎಂದು ರೋಮ್‌ನವರು ಕಾನೂನು ಮಾಡಿದ್ದಾರೆ. ಬರುವ ಚಳಿಗಾಲ ಕಳೆಯುವ ಮೊದಲೇ ಗಡುವು ಮುಗಿಯುತ್ತದೆ. ಆಮೇಲೆ ನೀನು ಅಲ್ಲಿಯವನು, ನಾವು ಇಲ್ಲಿಯವರು, ಸಾಯುವವರೆಗೆ. ಬೇಸಿಗೆಯಲ್ಲಿ ಗಡಿಯಾಚೆಯ ಹುಲ್ಲುಗಾವಲಿನಲ್ಲಿ ನಮ್ಮ ಕಣಿವೆಯ ಕುರಿ ಕಾಯುವ ಫೈಟ್, ನೀನಿನ್ನೂ ಸಹಿ ಹಾಕಿಲ್ಲ ಎಂದು ಹೇಳಿದ. "ಸಹಿ ಮಾತೆತ್ತಿದ್ರೆ ಸಾಕು ಅಕ್ಕಾ, ಕಿವಿ ಕೇಳದವನ ಥರ ಬೆಟ್ಟ ನೋಡ್ತಾ ನಿಂತ್ಕೋತಾನೆ" ಅಂದ. ಬೆಟ್ಟದ ಯಾವ ಭಾಗ ನೋಡುತ್ತಾನೆ ಎಂದು ಕೇಳಿದೆ. "ಈ ಕಡೇದು" ಅಂದ.

ಯುದ್ಧ ನಿನ್ನನ್ನು ಎಲ್ಲೆಲ್ಲೋ ಅಲೆದಾಡಿಸಿ ಕೊನೆಗೆ ನಮ್ಮ ಬೆಟ್ಟದ ಬೆನ್ನಿಗೇ ತಂದು ಬಿಟ್ಟಿದೆ. ಇಡೀ ಆಸ್ಟ್ರಿಯಾದಲ್ಲಿ ಕೂಲಿಗೆ ನಿನಗೆ ಸಿಕ್ಕಿದ್ದು ಆ ಒಂದೇ ಊರಾ? ಇರಲಿ, ಅದನ್ನು ನೀನು ಬಂದಮೇಲೆ ಕೇಳುತ್ತೇನೆ.

ಮೊದಲು ನಾನು ಆ ದಿನ ಮೇಲೆ ಯಾಕೆ ಬಂದೆ ಎಂಬುದನ್ನು ಕೇಳು. ಬೇಸಿಗೆಯ ಹುಲ್ಲಿಗೆ ಕುರಿಗಳನ್ನು ಹಿಮನದಿ ದಾಟಿಸಲು ಮನೆಗೊಂದು ಆಳು ಹೋಗಬೇಕು. ಅದು ನಿನಗೆ ನಾನು ಹೇಳಬೇಕಾದ್ದಿಲ್ಲ. ನೀನು ಹೋದಮೇಲೆ ಮಾವನೇ ಹೋಗುತ್ತಿದ್ದರು. ಈ ಸಲ ಮೇ ತಿಂಗಳಲ್ಲಿ ಹುಲ್ಲಿನ ಅಟ್ಟದಿಂದ ಬಿದ್ದು ಸೊಂಟ ಮುರಿದುಕೊಂಡರು. ನಾನು ಹೋಗುತ್ತೇನೆ ಅಂದೆ. ದಾಟಿಸುವವರ ಹಿರಿಯ ಸೆರಾಫಿನ್ ನಮ್ಮ ಬಾಗಿಲಲ್ಲೇ ಕೂತುಬಿಟ್ಟ.

"ಹೆಂಗಸು ಹಿಮನದಿ ಹತ್ತಿದ್ರೆ ಹವಾ ಕೆಡುತ್ತೆ, ಮೇನಾ. ನಮ್ಮಜ್ಜ ಹೇಳ್ತಿದ್ರು."

"ನಿಮ್ಮಜ್ಜ ಹತ್ತಿದಾಗೆಲ್ಲ ಬಿಸಿಲು ಕಾಯ್ತಿತ್ತಾ?" ಅಂದೆ.

ಮಾವ ಒಲೆಯ ಪಕ್ಕದ ಬೆಂಚಿನ ಮೇಲೆ ಮಲಗಿದ್ದಲ್ಲಿಂದಲೇ ಗದರಿದರು. "ಅವಳು ಹೋಗ್ತಾಳೆ ಕಣೋ, ಬಿಡು. ಕುರಿಗಳು ಅವಳ ಮಾತು ಕೇಳ್ತವೆ. ನನ್ನ ಮಾತು ಕೇಳೋದು ಬಿಟ್ಟು ಎಷ್ಟು ವರ್ಷ ಆಯ್ತೋ." ಸೆರಾಫಿನ್ ನಿಟ್ಟುಸಿರು ಬಿಟ್ಟು, ಹೋಗುವಾಗ ನಮ್ಮ ಬಾಗಿಲಿಗೆ ಶಿಲುಬೆ ಗುರುತು ಹಾಕಿ ಹೋದ.

ಬೆಳಗಿನ ಜಾವ ಹೊರಟೆವು. ಮೊದಲು ಹುಲ್ಲು, ಆಮೇಲೆ ಬಂಡೆ, ಆಮೇಲೆ ಹಿಮ. ಮುಂದೆ ಗಂಡಸರು ಹಿಮ ತುಳಿದು ದಾರಿ ಮಾಡುವುದು, ಹಿಂದೆ ಕಣಿವೆಯ ಕುರಿಗಳೆಲ್ಲ ಒಂದೇ ಸಾಲಿನಲ್ಲಿ ಏರುವುದು. ನಮ್ಮ ಹಿಂಡೇ ಎಲ್ಲಕ್ಕಿಂತ ಮುಂದೆ. ನಮ್ಮ ಹಿಂಡಿಗೆ ಕರಿಮೂತಿ ಮುಂದಾಳು. ಅವಳು ಮೂಗನ್ನು ಹಿಮಕ್ಕೆ ತಾಗಿಸಿ, ಒಂದು ಹೆಜ್ಜೆ ಇಟ್ಟು, ನಿಂತು ಯೋಚಿಸಿ, ಇನ್ನೊಂದು ಹೆಜ್ಜೆ ಇಡುತ್ತಿದ್ದಳು. ಹಿಂತಿರುಗಿ ನೋಡಿದರೆ ಬೆಟ್ಟದ ಕೆಳಗಿನ ತಿರುವಿನವರೆಗೂ ಬೆನ್ನುಗಳು, ಬೆನ್ನುಗಳು, ಬೆನ್ನುಗಳು. ಗಂಟೆಗಳ ಸದ್ದು ಕಾಲಿನ ಕೆಳಗಿಂದ ಬರುತ್ತಿತ್ತು. ನನಗೆ ಮೈ ಜುಮ್ಮೆಂದಿತು ಕಾಸಿಯಾನ್. ಇಷ್ಟು ವರ್ಷ ಕೆಳಗೆ ನಿಂತು ಕೈ ಬೀಸಿ ಕಳಿಸಿದ್ದೆನೇ ಹೊರತು, ಇದು ಹೀಗಿರುತ್ತದೆ ಎಂದು ನೀವು ಗಂಡಸರು ಯಾರೂ ಒಂದು ಮಾತು ಹೇಳಿರಲಿಲ್ಲ. ಮನೆಗೆ ಬಂದು ಕಾಲು ನೋವು ಅನ್ನುತ್ತಿದ್ದಿರಿ, ಅಷ್ಟೆ.

ಬೆಟ್ಟ ದಾಟುವ ನೆತ್ತಿಯಲ್ಲಿ ಗಡಿ ಕಾವಲಿನವನು ನಿಂತಿದ್ದ. ದೂರದ ದಕ್ಷಿಣದ ಸಮುದ್ರತೀರದವನಂತೆ, ತುಟಿ ನೀಲಿಯಾಗಿತ್ತು. ನಮ್ಮ ಮನೆಯ ಪರವಾನಗಿ ಕೊಟ್ಟೆ. ಅದರಲ್ಲಿ ಮಾವನ ಹೆಸರು, ಅದೂ ಸರ್ಕಾರದವರು ತಿದ್ದಿಟ್ಟ ಇಟಲಿಯ ಹೆಸರು. ನೀನು ಯಾರು, ಯಾವ ದೇಶದವಳು ಎಂದು ಕೇಳಿದ. ಏನು ಹೇಳಲಿ? ನಿನ್ನ ಸಹಿಯಿಂದಾಗಿ ನಾನೂ ಕಾಗದದಲ್ಲಿ ಊರು ಬಿಟ್ಟವಳೇ. ಆದರೆ ಬಿಟ್ಟಿಲ್ಲ. ಇವರಿಗೂ ಬೇಡ, ಅವರಿಗೂ ಬೇಡ. ನಾನು ಬಾಯಿಬಿಡುವ ಮೊದಲೇ ಸೆರಾಫಿನ್ ನಡುವೆ ಬಂದ. "ಕುರಿಗಳಿಗೆ ಕಾಗದ ಉಂಟಲ್ಲ ಸ್ವಾಮಿ? ಇವಳನ್ನೂ ಹಿಂಡಿಗೆ ಸೇರಿಸ್ಕೊಂಡ್ಬಿಡಿ." ಕಾವಲಿನವನು ನಕ್ಕ. ಆಮೇಲೆ ಆ ಬೆನ್ನುಗಳ ಸಾಲನ್ನು ನೋಡಿ ಟೋಪಿ ತೆಗೆದು ಎದೆಗೆ ಹಿಡಿದುಕೊಂಡ. ಚರ್ಚಿನ ಮೆರವಣಿಗೆ ಹೋಗುವಾಗ ಹಿಡಿಯುತ್ತಾರಲ್ಲ, ಹಾಗೆ.

ಗಡಿಕಲ್ಲು ಹಿಮದಲ್ಲಿ ಹೂತುಹೋಗಿತ್ತು. ಎಂಟು ವರ್ಷ ನನ್ನ ಮನೆಯನ್ನು ಎರಡು ಹೋಳು ಮಾಡಿದ ಗೆರೆಯನ್ನು ನಾನು ಯಾವ ಹೆಜ್ಜೆಯಲ್ಲಿ ದಾಟಿದೆನೋ ತಿಳಿಯಲಿಲ್ಲ. ತೊಡೆಯವರೆಗೆ ಹಿಮದಲ್ಲಿ ಇಳಿದು, ಒಂದು ಮರಿಯನ್ನು ಹೆಗಲಿಗೆ ಹಾಕಿಕೊಂಡು ಏದುಸಿರು ಬಿಡುತ್ತಿದ್ದೆ, ಅಷ್ಟರಲ್ಲಿ ದಾಟಿಯಾಗಿತ್ತು.

ಆಗ ಎದುರಿಗೆ ಹಿಮನದಿ ಬಿದ್ದುಕೊಂಡಿತ್ತು. ಅಯ್ಯೋ ದೇವರೇ. ಲೋಕ ಮಾಡಲು ಹಿಟ್ಟು ಕಲೆಸಿದ ದೇವರು ಇನ್ನೂ ಆಕಾರ ಕೊಡದೆ ಅಲ್ಲೇ ಬಿಟ್ಟು ಎದ್ದುಹೋದ ಹಾಗಿತ್ತು. ಮರವಿಲ್ಲ, ಕಲ್ಲಿಲ್ಲ, ಹೆಸರಿಲ್ಲ. ನಮ್ಮ ಭಾಷೆ, ಅವರ ಭಾಷೆ ಎಂದು ಇಷ್ಟೆಲ್ಲ ಹೊಡೆದಾಡಿದೆವಲ್ಲ, ಅಲ್ಲಿ ಯಾವ ಭಾಷೆಯೂ ಇರಲಿಲ್ಲ. ನಾನು ನಿಂತುಬಿಟ್ಟೆ. ಹಿಂದಿನ ಕುರಿ ನನ್ನ ಸೊಂಟಕ್ಕೆ ತಲೆಯಿಂದ ಗುದ್ದಿತು. ಅದಕ್ಕೆ ಇದೆಲ್ಲ ಹೊಸತಲ್ಲ, ಹುಲ್ಲು ಆಚೆ ಇದೆ ಎಂದು ಗೊತ್ತು.

ಅಲ್ಲಿ ನಿಂತಾಗ ನಿನ್ನ ವಾದ ನೆನಪಾಯಿತು. ಅದು ನನಗೆ ಇಂದಿಗೂ ಬಾಯಿಪಾಠ. "ಇಲ್ಲಿದ್ರೆ ನಮ್ಮ ಹೆಸರೂ ನಮ್ದಲ್ಲ ಮೇನಾ. ನಿಮ್ಮಮ್ಮನ ಗೋರಿ ಕಲ್ಲಿಗೂ ಅವರ ಭಾಷೆನೇ ಕೆತ್ತಿಸ್ಬೇಕಾಯ್ತು. ಅಲ್ಲಿಗೆ ಹೋದ್ರೆ ಹೆಸರಾದ್ರೂ ಉಳಿಯುತ್ತೆ." ಅದರಲ್ಲಿ ಸುಳ್ಳೇನೂ ಇರಲಿಲ್ಲ. ಶಾಲೆಯಲ್ಲಿ ನಮ್ಮ ಜರ್ಮನ್ ಮಾತು ಬಾಯಿಗೆ ಬಂದರೆ ಗೆಣ್ಣಿಗೆ ಏಟು ಬೀಳುತ್ತಿತ್ತು. ಈ ಕಾಗದದ ಅಕ್ಷರಗಳನ್ನೇ ನಾನು ಕದ್ದು ಕಲಿತದ್ದು. ನನ್ನ ಸೋದರತ್ತೆ ಓಟಿಲಿಯಾ ರೊಟ್ಟಿ ಒಲೆಯ ಹಿಂದೆ ಕೂರಿಸಿ, ಹಲಗೆಯ ಮೇಲೆ ಹಿಟ್ಟು ಹರಡಿ, ಬೆರಳಲ್ಲಿ ಬರೆಸಿ, ಯಾರಾದರೂ ಬಂದರೆ ಒರೆಸಿ ನಾದಿಬಿಡುತ್ತಿದ್ದಳು. ನನ್ನ ಸಾಲುಗಳು ಸೊಟ್ಟಗಿರುವುದು ಅದಕ್ಕೇ, ನಗಬೇಡ.

ಆಮೇಲೆ ಬರ್ಲಿನ್‌ನವರೂ ರೋಮ್‌ನವರೂ ಕೂಡಿಕೊಂಡು ನಮ್ಮ ಮುಂದೆ ಎರಡು ಬಣ್ಣದ ಹಾಳೆ ಇಟ್ಟರು. ಜರ್ಮನಿಗೆ ಹೋದರೆ ಮಾತು ಉಳಿಯುತ್ತದೆ, ನೆಲ ಹೋಗುತ್ತದೆ; ಇದ್ದರೆ ನೆಲ ಉಳಿಯುತ್ತದೆ, ಮಾತು ಹೋಗುತ್ತದೆ. ಯಾವ ಕಣ್ಣು ಕೀಳಲಿ, ಎಡದ್ದೋ ಬಲದ್ದೋ ಎಂದು ಕೇಳಿದ ಹಾಗೆ. ನೀನು ಒಂದಕ್ಕೆ ಸಹಿ ಹಾಕಿದೆ, ಮಾವ ಇನ್ನೊಂದಕ್ಕೆ. ಆ ರಾತ್ರಿ ನಮ್ಮ ಬಾಗಿಲಿಗೆ ಯಾರೋ ಸಗಣಿ ಬಳಿದಿದ್ದರು. ಅದು ನಿನ್ನ ಸಹಿಗೋ ಮಾವನ ಸಹಿಗೋ ಎಂದು ಇವತ್ತಿಗೂ ಗೊತ್ತಾಗಿಲ್ಲ. ಒಂದೇ ಬಾಗಿಲು, ನಾನೇ ತೊಳೆದೆ.

ಮೆರಾನ್ ಸ್ಟೇಷನ್ನಿನಲ್ಲಿ ರೈಲು ಸೀಟಿ ಹಾಕಿದಾಗ ನಾನು ಮಗುವನ್ನು ಎತ್ತಿಕೊಂಡು ಇಳಿದುಬಿಟ್ಟೆ. ನೀನು ಕಿಟಕಿಯಿಂದ ಅರ್ಧ ಮೈ ಹೊರಗೆ ಹಾಕಿ ಕೂಗಿದ್ದನ್ನು ಸ್ಟೇಷನ್ನೆಲ್ಲ ಕೇಳಿತು: "ಹೋಗು! ಹೋಗಿ ಕುರಿಗಳ ಜೊತೆನೇ ಸಂಸಾರ ಮಾಡು!" ಎಲ್ಲರೂ ನನ್ನ ಕಡೆ ತಿರುಗಿದರು. ರೆಜಿ ನಿನಗೆ ಕೈ ಬೀಸಿದಳು. ಎರಡು ವರ್ಷದ ಮಗು, ಅಪ್ಪ ತಮಾಷೆ ಮಾಡುತ್ತಿದ್ದಾನೆ ಎಂದುಕೊಂಡಳು.

ಮನೆಗೆ ಬಂದಾಗ ಮಾವ ಕೊಟ್ಟಿಗೆಯ ಮುಂದೆ ನಿಂತಿದ್ದರು. ಹೊರಗೆ ಹೋಗು ಎಂದೂ ಅನ್ನಲಿಲ್ಲ, ಒಳಗೆ ಬಾ ಎಂದೂ ಅನ್ನಲಿಲ್ಲ. ಒಂದೇ ಮಾತು ಹೇಳಿದರು. "ಇನ್ಮೇಲೆ ಈ ಮನೆ ಕುರಿಗಳನ್ನ ಅವನ ಕೂಗಿನಲ್ಲಿ ಯಾರೂ ಕರೀಕೂಡ್ದು. ನನ್ನ ಕೂಗು ಒಂದೇ." ನಮ್ಮಲ್ಲಿ ಮನೆಗೊಂದು ಕೂಗು, ಕೆಲವು ಮನೆಗಳಲ್ಲಿ ಆಳಿಗೊಂದು. ಸತ್ತವನ ಕೂಗನ್ನೂ ಮಗ ಮುಂದುವರಿಸುತ್ತಾನೆ. ಬದುಕಿರುವವನ ಕೂಗನ್ನು ನಿಲ್ಲಿಸಿದ್ದು ನಾನು ಕೇಳಿದ್ದು ಅದೊಂದೇ ಸಲ.

ಈಗ ಆ ದಿನಕ್ಕೆ ಬರುತ್ತೇನೆ. ಹಿಮನದಿಯ ನಡುವೆ ಇದ್ದಾಗ ಮಂಜು ಇಳಿಯಿತು. ಬಂತು ಎಂದು ಹೇಳುವಷ್ಟರಲ್ಲಿ ಮೂಗಿನ ತುದಿ ಕಾಣದಾಯಿತು. ಹಿಂದೆಯೇ ಹಿಮ ಬೀಳತೊಡಗಿತು. ಗಂಡಸರು ತುಳಿದ ದಾರಿ ಮುಚ್ಚಿಹೋಯಿತು. ಸೆರಾಫಿನ್ ನನ್ನ ಕಡೆ ಒಂದು ನೋಟ ಬಿಟ್ಟ, ನಮ್ಮಜ್ಜ ಹೇಳಲಿಲ್ವಾ ಅನ್ನುವ ಹಾಗೆ. ಸ್ವಲ್ಪ ಮುಂದೆ ಹೋಗಿ ಕರಿಮೂತಿ ನಿಂತಳು. ಎದುರಿಗೆ ಬಿರುಕು. ಅದರ ಮೇಲೆ ಹೊಸ ಹಿಮ ಕೂತಿತ್ತು. ಎಲ್ಲಿ ಗಟ್ಟಿ, ಎಲ್ಲಿ ಬರೀ ಹೊದಿಕೆ ಎಂದು ಯಾರಿಗೂ ಗೊತ್ತಾಗುವಂತಿರಲಿಲ್ಲ. ಸೆರಾಫಿನ್ ಕೋಲು ಊರಿ ನೋಡಿದ. ಕೋಲು ಪೂರ್ತಿ ಒಳಗೆ ಹೋಯಿತು, ತಳ ಸಿಗಲಿಲ್ಲ.

ಹಿಂದಿನಿಂದ ಹಿಂಡು ಒತ್ತುತ್ತಿತ್ತು. ಹಿಂದಿನ ಕುರಿಗೆ ಮುಂದೆ ಏನಾಗಿದೆ ಎಂದು ಗೊತ್ತಿಲ್ಲವಲ್ಲ. ಇನ್ನು ಸ್ವಲ್ಪ ಹೊತ್ತು ಹಾಗೇ ನಿಂತರೆ ಮುಂದಿನವು ಒಳಗೆ ಬೀಳುತ್ತವೆ, ಮರಿಗಳು ನಿಂತಲ್ಲೇ ಸೆಟೆಯುತ್ತವೆ. ನಮ್ಮ ಮನೆಯ ಅನ್ನ ಬಟ್ಟೆ ಎಲ್ಲ ಆ ಬೆನ್ನುಗಳ ಮೇಲಿತ್ತು. ನಾವು ಕೂಗಿ ಪ್ರಯೋಜನವಿಲ್ಲ. ಕೂಗಿದರೆ ಕುರಿ ಕೂಗಿದವನ ಹತ್ತಿರ ಬರುತ್ತದೆ, ನಾವಿರುವುದು ಈಚೆ. ಯಾರಾದರೂ ಆಚೆ ಹೋಗಬೇಕು. ಗಂಡಸರೆಲ್ಲ ತಮ್ಮ ತಮ್ಮ ಬೂಟು ನೋಡಿಕೊಂಡರು.

ಕೊಡಿ ಹಗ್ಗ ಎಂದು ಸೊಂಟಕ್ಕೆ ಕಟ್ಟಿಕೊಂಡೆ. ಧೈರ್ಯ ಅಂದುಕೊಳ್ಳಬೇಡ, ಗಂಟನ್ನು ಮೂರು ಸಲ ಬಿಚ್ಚಿ ಕಟ್ಟಿದೆ. ಆಚೆ ದಾಟಿದರೆ ಕರೆಯಬೇಕಲ್ಲ ಎಂದು ಗಂಟಲು ಸರಿಮಾಡಿಕೊಂಡು ಬಾಯಿ ತೆರೆದೆ. ನನ್ನ ಬಾಯಿಂದ ಉಸಿರೂ ಹೊರಟಿರಲಿಲ್ಲ, ಅಷ್ಟರಲ್ಲಿ ಕೂಗು ಎದುರಿನಿಂದ ಬಂತು.

ಹೊಯ್ಲಾ... ಲೆಕ್, ಲೆಕ್, ಲೇ...ಕ್.

ಕಾಸಿಯಾನ್, ಆ ಬಿಳಿಯಲ್ಲಿ ಮನುಷ್ಯರಿಲ್ಲ, ದಿಕ್ಕಿಲ್ಲ, ನೆಲ ಯಾವುದು ಆಕಾಶ ಯಾವುದು ಎಂದಿಲ್ಲ. ಅದರೊಳಗಿಂದ ಆ ಕೂಗು, ನಡುವೆ ಒಡೆಯಬೇಕಾದ ಜಾಗದಲ್ಲಿ ಒಡೆದು, ಕೊನೆಗೆ ಇಳಿಜಾರಿನಲ್ಲಿ ಕಲ್ಲು ಉರುಳಿದ ಹಾಗೆ ಇಳಿದು. ಸೆರಾಫಿನ್ ಅಲ್ಲೇ ಮಂಡಿಯೂರಿಬಿಟ್ಟ. "ಆತ್ಮ! ಮೇನಾ, ಆತ್ಮ ಕರೀತಿದೆ! ಹೋಗ್ಬೇಡ, ಒಳಗೆ ಎಳ್ಕೊಳ್ಳುತ್ತೆ!"

"ಆತ್ಮ ಆದ್ರೇನು, ಅದಕ್ಕೆ ದಾರಿ ಗೊತ್ತಿದ್ಯಲ್ಲ!" ಎಂದು ಕಿರುಚಿದೆ. ನನಗೆ ಆಗ ನಗುವೋ ಅಳುವೋ ತಿಳಿಯದು.

ಎರಡನೆಯ ಕೂಗಿಗೆ ಕರಿಮೂತಿ ಕಿವಿ ನೆಟ್ಟಗೆ ಮಾಡಿದಳು. ಎಡಕ್ಕೆ ಸರಿದಳು, ಇನ್ನೂ ಎಡಕ್ಕೆ, ನಾವು ಯಾರೂ ನೋಡಿರದ ಕಡೆಗೆ. ಕೂಗು ಬರುತ್ತಿದ್ದ ನೇರಕ್ಕೆ ನಿಂತು, ಗೊರಸಿನಿಂದ ಹಿಮ ಕೆದಕಿ, ಒಂದು ಕಾಲು ಇಟ್ಟಳು. ನಿಂತಿತು. ಇನ್ನೊಂದು. ಆಮೇಲೆ ಮಂಜಿನೊಳಗೆ ಹೋಗಿಯೇಬಿಟ್ಟಳು. ಅವಳ ಬಾಲ ಹಿಡಿದ ಹಾಗೆ ಇನ್ನೊಂದು, ಮತ್ತೊಂದು. ಬಿಳಿಯೊಳಗೆ ಬಿಳಿ ಕರಗಿಹೋಗುತ್ತಿತ್ತು, ಗಂಟೆಗಳು ಮಾತ್ರ ಆಚೆ ದಡದಲ್ಲಿ ಒಂದೊಂದಾಗಿ ಮೊಳಗತೊಡಗಿದವು. ಒಂದು ಗಂಟೆ, ನಾಲ್ಕು ಗಂಟೆ, ಆಮೇಲೆ ಎಣಿಸಲಾಗದಷ್ಟು. ಕೂಗು ನಿಲ್ಲಲಿಲ್ಲ. ಇಡೀ ಕಣಿವೆಯ ಕುರಿ ದಾಟುವವರೆಗೆ ನಿಲ್ಲಲಿಲ್ಲ. ನಾನು ಪಕ್ಕದಲ್ಲಿ ನಿಂತು ಹೋಗುವ ಒಂದೊಂದು ಬೆನ್ನನ್ನೂ ಕೈಯಿಂದ ಮುಟ್ಟುತ್ತಿದ್ದೆ. ನನ್ನ ಜನ್ಮದಲ್ಲಿ ಅಂಥದ್ದನ್ನು ಕಂಡಿಲ್ಲ, ಇನ್ನು ಕಾಣುವುದೂ ಇಲ್ಲ. ಒಂದು ಮರಿಯೂ ಕಳೆಯಲಿಲ್ಲ.

ಕೊನೆಗೆ ನಾನೂ ಅದೇ ಗೊರಸಿನ ಗುರುತು ಹಿಡಿದು ದಾಟಿದೆ. ಆಚೆ ಯಾರೂ ಇರಲಿಲ್ಲ. ಚಪ್ಪಟೆ ಬಂಡೆಯೊಂದರ ಮೇಲೆ ಕುರಿಗಳಿಗೆಂದು ಚೆಲ್ಲಿದ ಉಪ್ಪು, ಅವು ನೆಕ್ಕಿ ಸ್ವಲ್ಪವೇ ಉಳಿದಿತ್ತು. ಪಕ್ಕದಲ್ಲಿ ಮೊಳೆ ಹೊಡೆದ ಬೂಟಿನ ಹೆಜ್ಜೆಗಳು, ಅರ್ಧ ಹಿಮ ತುಂಬಿ, ಕೆಳಗೆ ಫೆಂಟ್ ಕಡೆಗೆ ಇಳಿದು ಹೋಗಿದ್ದವು. ಹಿಂಡು ಬರುವ ದಿನ, ಬರುವ ಹೊತ್ತಿಗೆ ಬಾರದಿದ್ದನ್ನು ನೋಡಿ ನೀನು ಆ ಹವೆಯಲ್ಲಿ ಒಬ್ಬನೇ ಹತ್ತಿ ಬಂದೆ, ಅಲ್ಲವೇ? ಬೆರಳಿಗೆ ಉಪ್ಪು ಒತ್ತಿಕೊಂಡು ನಾಲಿಗೆಗೆ ಇಟ್ಟುಕೊಂಡೆ. ಉಳಿದದ್ದನ್ನು ಕುರಿಗಳು ನೆಕ್ಕಿದವು. ಸೆರಾಫಿನ್ ದೇವರ ಹೆಸರು ಹೇಳುತ್ತಾ ದಾಟಿ ಬರುವ ಹೊತ್ತಿಗೆ ಬಂಡೆ ಒದ್ದೆಯಾಗಿತ್ತು, ಹೆಜ್ಜೆ ಮುಚ್ಚಿತ್ತು.

ಕೆಳಗೆ ಓಡಿ ಬರಬಹುದಿತ್ತಲ್ಲ ಎಂದು ನೀನು ಕೇಳಬೇಡ. ಕೂಗಿ ಅಡಗಿಕೊಂಡವನು ನೀನು. ಅಷ್ಟು ಕುರಿಗಳ ಮುಂದೆ ನಿಲ್ಲುವ ಧೈರ್ಯವಿದ್ದವನಿಗೆ ನನ್ನೊಬ್ಬಳ ಮುಂದೆ ನಿಲ್ಲುವ ಧೈರ್ಯ ಇರಲಿಲ್ಲ. ಸಿಟ್ಟು ಬಂತು. ಹಿಂಡನ್ನು ಫೈಟ್‌ಗೆ ಒಪ್ಪಿಸಿ, ಆ ಸಿಟ್ಟಿನಲ್ಲೇ ನೆತ್ತಿ ದಾಟಿ ಮನೆ ಸೇರಿದೆ, ದಾರಿ ಸವೆದದ್ದೇ ತಿಳಿಯಲಿಲ್ಲ.

ಸೆರಾಫಿನ್ ಅಂದೇ ಸಂಜೆ ಮಾವನ ಹತ್ತಿರ ಬಂದು ಕೈಕಾಲು ಆಡಿಸಿ ಕಥೆ ಹೇಳಿದ. ಅವನ ಕಥೆಯಲ್ಲಿ ಆಗಲೇ ಆತ್ಮಕ್ಕೆ ಬಿಳಿ ಗಡ್ಡ ಬಂದಿತ್ತು. ಮಾವ ಕಣ್ಣು ಮುಚ್ಚಿಕೊಂಡು ಕೇಳಿದರು. "ಹೆಂಗೆ ಕೂಗ್ತು? ಕೂಗಿ ತೋರ್ಸು." ಸೆರಾಫಿನ್ ತೋರಿಸಿದ. ಮಾವ ಗೋಡೆ ಕಡೆಗೆ ತಿರುಗಿ ಮಲಗಿದರು. ನೋವು ಜಾಸ್ತಿ ಆಗಿರಬೇಕು ಎಂದುಕೊಂಡು ಸೆರಾಫಿನ್ ಎದ್ದು ಹೋದ.

ಅವನು ಹೋದಮೇಲೆ ಮಾವ ಗೋಡೆಯ ಕಡೆಗೇ ಮಾತಾಡಿದರು. "ಮಧ್ಯದಲ್ಲಿ ದನಿ ಒಡೀತಾ?"

"ಒಡೀತು ಮಾವ."

"ಮೀಸೆ ಮೂಡೋ ವಯಸ್ಸಿಂದ ಒಡೀತಿದೆ. ರಿಪೇರಿನೇ ಆಗ್ಲಿಲ್ಲ ಮುಂಡೇದು." ಬೆನ್ನು ಅಲುಗಾಡುತ್ತಿತ್ತು. ನಾನು ಒಲೆಗೆ ಸೌದೆ ಹಾಕುವ ನೆವದಲ್ಲಿ ಅಲ್ಲೇ ಇದ್ದೆ. ಕೊನೆಗೆ ಅವರೇ ಅಂದರು, "ಅದಕ್ಕೆ ಪೂಜೆಗೀಜೆ ಬೇಡ. ಬಿಸಿ ಗಂಜಿ ಬೇಕು. ಒಂದು ಕಾಗದ ಬರಿ."

"ಯಾರಿಗೆ ಮಾವ?"

"ಆತ್ಮಕ್ಕೆ," ಅಂದರು. ನಿನ್ನ ಹೆಸರು ಇನ್ನೂ ಬಾಯಲ್ಲಿ ಬರುವುದಿಲ್ಲ. ಆದರೆ ಇವತ್ತು ಬೆಳಿಗ್ಗೆ ಮಸಿ ತರಿಸಿಕೊಟ್ಟವರು ಅವರೇ. ಈಗಲೂ ಬೆಂಚಿನ ಮೇಲಿಂದ "ಎಷ್ಟಾಯ್ತು, ಎಷ್ಟಾಯ್ತು" ಎಂದು ಕೇಳುತ್ತಿದ್ದಾರೆ.

ನೀನು ಯಾಕೆ ಸಹಿ ಹಾಕುತ್ತಿಲ್ಲ ಎಂದು ನನಗೆ ಗೊತ್ತು. ಬಂದರೆ ಆಡಿಕೊಳ್ಳುವವರು ಇರುತ್ತಾರೆ ಎಂದು. ಇರುತ್ತಾರೆ. ಅಂದು ಜರ್ಮನಿಗೆ ಹೋಗು ಎಂದು ನಿನ್ನ ಬೆನ್ನು ತಟ್ಟಿದವರೇ ಮೊದಲು ಆಡಿಕೊಳ್ಳುತ್ತಾರೆ. ಊರ ಬಾಯಿಗೆ ಬೀಗ ಹಾಕಲಾಗುತ್ತದೆಯೇ? ನಾನು ಉಳಿದಾಗ ನನ್ನನ್ನೂ ಬಿಟ್ಟಿರಲಿಲ್ಲ. ಆಡಿ ಆಡಿ ಅವರಿಗೇ ಸಾಕಾಯಿತು. ಇನ್ನೊಂದು, ರೆಜಿ ಈಗ ಶಾಲೆಯಲ್ಲಿ ನಮ್ಮ ಅಕ್ಷರವನ್ನು ಹಗಲಲ್ಲೇ ಕಲಿಯುತ್ತಾಳೆ, ಮೇಷ್ಟ್ರು ಹಲಗೆಯ ಮೇಲೆ ದೊಡ್ಡದಾಗಿ ಬರೆಯುತ್ತಾರೆ. ಮೊದಲ ದಿನ ಅವಳ ಪಾಟಿ ನೋಡಿ ನಾನು ಅಭ್ಯಾಸಬಲದಿಂದ ಒರೆಸಲು ಹೋದೆ. "ಯಾಕಮ್ಮಾ ಅಳಿಸ್ತೀಯಾ, ಚೆನ್ನಾಗಿ ಬರ್ದಿಲ್ವಾ?" ಅಂದಳು. ನಮ್ಮಮ್ಮನ ಗೋರಿ ಕಲ್ಲು ಮಾತ್ರ ಇನ್ನೂ ಹಾಗೇ ಇದೆ. ಅದನ್ನು ಕೆತ್ತಲು ಉಳಿ ಹಿಡಿಯಬಲ್ಲ ಕೈ ಬೇಕು. ನಿನ್ನ ಕೈ ಇಲ್ಲಿಲ್ಲ.

ಇನ್ಸ್‌ಬ್ರುಕ್ ಕಚೇರಿಯಲ್ಲಿ ಅರ್ಜಿ ಕೊಡುತ್ತಾರಂತೆ. ಹೋಗಿ ಸಹಿ ಹಾಕು. ನೀನು ಆ ಸಹಿ ಹಾಕಿದಾಗ ನನ್ನನ್ನು ಕೇಳಿರಲಿಲ್ಲ. ಈ ಸಹಿ ಹಾಕು ಎಂದು ನಾನೇ ಕೇಳುತ್ತಿದ್ದೇನೆ. ಕಾಗದ ತರುವ ಫೈಟ್‌ನ ಚೀಲದಲ್ಲಿ ಉಪ್ಪು ಇಟ್ಟಿದ್ದೇನೆ. ನೀನು ಬಂಡೆಯ ಮೇಲೆ ಚೆಲ್ಲಿದ್ದನ್ನು ನಮ್ಮ ಕುರಿಗಳು ತಿಂದಿವೆ, ನಾನೂ ತಿಂದಿದ್ದೇನೆ. ಉಪ್ಪಿನ ಋಣ ಉಳಿಸಿಕೊಳ್ಳುವ ಮನೆತನ ನಮ್ಮದಲ್ಲ. ಉತ್ತರ ಬರೆಯಲು ಕೈ ಬಾರದಿದ್ದರೆ ಬೇಡ. ಸಹಿ ಹಾಕಿದರೆ ಚೀಲ ಖಾಲಿ ಕಳಿಸು. ಹಾಕದಿದ್ದರೆ ಉಪ್ಪನ್ನು ಹಾಗೇ ವಾಪಸು ಕಳಿಸು, ಆಮೇಲೆ ನಾನು ಬರೆಯುವುದಿಲ್ಲ. ಸೆಪ್ಟೆಂಬರ್‌ನಲ್ಲಿ ಕುರಿಗಳು ಮರಳಿ ಬರುವಾಗ ಅವುಗಳನ್ನು ಕರೆತರಲು ನಾನೇ ಬರುತ್ತೇನೆ. ಸೆರಾಫಿನ್ ಈಗ ಹವೆಯ ಮಾತು ಆಡುತ್ತಿಲ್ಲ.

ಇಂತಿ,
ನಿನ್ನ ಸಹಿಯಲ್ಲಿ ಹೋಗಿಯೂ ಇಲ್ಲೇ ಉಳಿದಿರುವ,
ಫಿಲೊಮೆನಾ

ಬರೆಯಬಾರದು ಎಂದುಕೊಂಡಿದ್ದೆ. ಮಾವನಿಗೆ ಓದಿ ಹೇಳಿಯಾಯಿತು, ಅವರಿಗೆ ನಿದ್ದೆ ಹತ್ತಿದೆ, ಅದಕ್ಕೆ ಬರೆಯುತ್ತೇನೆ.

ಮೇಲೆ ಕರಿಮೂತಿ ಎಂದೆನಲ್ಲ, ಅದು ನಿನ್ನ ಕರಿಮೂತಿಯಲ್ಲ. ನಿನ್ನದು ಯುದ್ಧದ ನಡುವಿನ ಒಂದು ಚಳಿಗಾಲದಲ್ಲಿ ನನ್ನ ತೊಡೆಯ ಮೇಲೆ ಸತ್ತಳು. ಇದು ಅವಳ ಮೊಮ್ಮಗಳು, ಮೂತಿ ಮಾತ್ರ ಅದೇ. ಆ ದಿನ ಬಿರುಕು ದಾಟಿದ ನಮ್ಮ ಹಿಂಡಿನಲ್ಲಿ ನೀನು ಇದ್ದಾಗ ಹುಟ್ಟಿದ ಕುರಿ ಒಂದೂ ಇಲ್ಲ. ಹಳೆಯ ನೆನಪಿನಿಂದ ಬಂದವು ಎಂದು ನೀನು ಅಂದುಕೊಂಡಿರಬಹುದು. ನಿನ್ನ ಬಾಯಿಂದ ಅವು ಆ ಕೂಗನ್ನು ಎಂದೂ ಕೇಳಿರಲಿಲ್ಲ. ನನ್ನ ಬಾಯಿಂದ ಕೇಳಿದ್ದವು.

ಮಾವ ಬೇಡ ಎಂದ ಮಾರನೆಯ ದಿನದಿಂದಲೇ, ಮನೆ ಕಣ್ಣಿಗೆ ಮರೆಯಾಗುವ ಮೇಲಿನ ಇಳಿಜಾರಿಗೆ ಹೋಗಿ ದಿನಾ ಸಂಜೆ ಹಾಗೇ ಕೂಗಿದೆ. ಮೊದಮೊದಲು ಸಿಟ್ಟಿಗೆ ಕೂಗುತ್ತಿದ್ದೆ. ಆಮೇಲೆ ಯಾಕೆ ಕೂಗಿದೆನೋ ನೀನೇ ತಿಳಿದುಕೋ. ಆ ಒಡೆಯುವ ಜಾಗ ಬರಲು ಒಂದು ಬೇಸಿಗೆ ಹಿಡಿಯಿತು. ಮಾವನ ಕೋಣೆಯ ಕಿಟಕಿ ಆ ಕಡೆಗೇ ಇದೆ. ಎಂಥ ಚಳಿಯಲ್ಲೂ ಆ ಹೊತ್ತಿಗೆ ಅವರು ಅದನ್ನು ಮುಚ್ಚಿದ್ದು ನಾನು ಕಂಡಿಲ್ಲ. ಕುರಿಗಳ ಜೊತೆ ಸಂಸಾರ ಮಾಡು ಅಂದೆಯಲ್ಲ, ಹೀಗೆ ಮಾಡಿದೆ.

ರೆಜಿಯೂ ಹಾಗೇ ಕೂಗುತ್ತಾಳೆ. ಎಳೆ ಗಂಟಲು, ತಾನಾಗಿ ಒಡೆಯುವುದಿಲ್ಲ, ಬೇಕೆಂದೇ ಒಡೆಸುತ್ತಾಳೆ. ಅದು ಅಪ್ಪನ ದನಿ ಎಂದು ಅವಳಿಗೆ ಗೊತ್ತಿಲ್ಲ, ಕುರಿ ಕರೆಯುವುದು ಅಂದರೆ ಹಾಗೇ ಎಂದುಕೊಂಡಿದ್ದಾಳೆ. ಬಂದ ದಿನ ಅಂಗಳದಲ್ಲಿ ನಿಂತು ಒಂದು ಸಲ ಕೂಗು. ನೀನು ಯಾರೆಂದು ಅವಳಿಗೆ ನಾನು ಹೇಳಬೇಕಾಗುವುದಿಲ್ಲ.